ರಂಗೂನಿಗೆ ಹೋಗಿ ಕಾಯಂ ಆದದ್ದು

ನೌಕರಿ ಹುಡುಕೋನಿಗೆ ನೌಕರಿ ತಡವಾಗಿ ಸಿಗಬಹುದು, ಫಜೀತಿ ಮಾತ್ರ ಯಾವತ್ತೂ ತಡ ಮಾಡೋದಿಲ್ಲ. ನನಗಂತೂ ನಮ್ಮೂರು ಆಲೂರಿನಿಂದ ರಂಗೂನಿನ ತನಕ ದಾರಿಯುದ್ದಕ್ಕೂ ಸಿಕ್ಕವು. ಹಾಗಂತ ನಾನು ಎದೆಗುಂದುವ ಪೈಕಿ ಅಲ್ಲ. ಬೊಂಬಾಯಿಯಲ್ಲಿ ಎಂ.ಕಾಂ. ಮುಗಿಸಿ ಆದೋನಿ ಸ್ಟೇಷನ್ನಿನಲ್ಲಿ ಇಳಿದ ದಿನ, ಪ್ಲಾಟ್‌ಫಾರಮ್ಮಿನ ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅಂತ ಎದೆಯುಬ್ಬಿಸಿ ನಡೆದೆ. ಅವರು ನೋಡುತ್ತಿದ್ದದ್ದು ನನ್ನ ಹಿಂದೆ ಇಳಿದ ಪೊಲೀಸ್ ಇನ್ಸ್‌ಪೆಕ್ಟರನ್ನ ಅಂತ ಆಮೇಲೆ ತಿಳಿಯಿತು. ಅದಕ್ಕೇನಂತೆ, ಉಬ್ಬಿದ ಎದೆ ಇಳಿಸಲಿಲ್ಲ.

ಟಗರು ಮಾರಿದ್ದು

ಹಾಲಹರವಿಯಲ್ಲಿ ನನ್ನ ಸೋದರಮಾವ. ಅವನ ಮಗಳು ನನಗೇ ಅಂತ ಚಿಕ್ಕಂದಿನಲ್ಲೇ ಮಾತಾಗಿತ್ತು. ನಾನು ಬಂದ ಸುದ್ದಿ ಕೇಳಿ ಮಾವ ಒಂದು ಟಗರು ಹಿಡಕೊಂಡು ಆಲೂರು ಸಂತೆಗೆ ಬಂದ.

"ಅಳಿಯಾ, ನೀ ಓದಿದ್ದೇ ವ್ಯಾಪಾರ. ಇದನ್ನ ಮಾರಿ ತೋರಸು, ನೋಡೋಣು."

ಭಲೇ, ಇದೇ ನನ್ನ ಪರೀಕ್ಷೆ ಅಂದುಕೊಂಡೆ. ಒಬ್ಬ ಬಂದು ಟಗರಿನ ಬೆನ್ನು ಹಿಚುಕಿ ನೋಡಿ ರೇಟು ಕೇಳಿದ. ನಾನು ಕೋಟಿನ ಗುಂಡಿ ಹಾಕಿಕೊಂಡು ಶುರು ಮಾಡಿದೆ.

"ನೋಡ್ರಿ ಯಜಮಾನ್ರ, ಇವತ್ತು ಸಂತಿಗೆ ಕುರಿ ಬಾಳ ಬಂದಾವ. ಕೊಳ್ಳೋರು ಕಡಿಮಿ ಅದಾರ. ಹಿಂಗಾದಾಗ ರೇಟು ಇಳೀಲೇಬೇಕು. ಇದು ಅರ್ಥಶಾಸ್ತ್ರ."

"ಕಲಿತವ್ರಂದ್ರ ಹಿಂಗಿರಬೇಕು ನೋಡ್ರಿ!" ಅಂತ ಅವನು ಕೈ ಮುಗಿದು, ಇಳಿದ ರೇಟು ಕೊಟ್ಟು ಹಗ್ಗ ಹಿಡಿದುಕೊಂಡು ಹೋಗೇಬಿಟ್ಟ.

ಮಾವ ಬಾಯಿ ತೆರೆದು ನಿಂತಿದ್ದವನು ಮೆಲ್ಲಗೆ ಕೇಳಿದ, "ನೀ ಯಾರ ಕಡೀಯಾಂವಲೇ? ಕೊಳ್ಳೋರ ಕಡಿಗೋ, ನಮ್ಮ ಕಡಿಗೋ?"

"ನಾನು ಶಾಸ್ತ್ರದ ಕಡಿಗೆ, ಮಾವ."

"ಹಂಗಾರ ಹೋಗು, ಶಾಸ್ತ್ರದ ಮಗಳನ್ನೇ ಮದಿವಿ ಆಗು!"

ಖಡಕ್ ರೊಟ್ಟಿ

ಟಗರಿನ ಸಿಟ್ಟು ಮಾವನಿಗೆ ಇಳಿಯಲೇ ಇಲ್ಲ. ನಮ್ಮ ಮನೆ ಕಟ್ಟೆಯ ಮೇಲೆ ಕೂತು ಅವ್ವನ ಎದುರಿಗೇ ಹೇಳಿದ, "ಅಕ್ಕಾ, ನಿನ್ನ ಮಗ ಮೊದಲು ಕಾಯಂ ನೌಕರಿ ಹಿಡೀಲಿ. ಇವತ್ತು ಐತಿ, ನಾಳಿಗಿಲ್ಲ ಅನ್ನೋ ನೌಕರಿ ನಡಿಯಂಗಿಲ್ಲ. ಉಗಾದಿ ತನಕ ಕಾಯ್ತೀನಿ. ಆಮ್ಯಾಲೆ ರಾಯಚೂರಿನ ಗಂಡು ರೆಡಿ ಅದಾನ."

ಊರ ಕಡೆ ನನ್ನ ಓದಿಗೆ ತಕ್ಕ ನೌಕರಿ ಇರಲಿಲ್ಲ. ರಂಗೂನಿನಲ್ಲಿ ದೊಡ್ಡ ದೊಡ್ಡ ಕಂಪನಿಗಳಿವೆ ಅಂತ ಕೇಳಿದ್ದೆ. ಹೊರಡುವ ಮುಂದ ಹಾಲಹರವಿಗೆ ಹೋದರೆ, ಹುಡುಗಿ ಹಿತ್ತಲ ಬಾಗಿಲಲ್ಲಿ ನಿಂತು ಒಂದೇ ಮಾತು ಅಂದಳು: "ರಾಯಚೂರಿನಾಂವ ನಶ್ಯ ಏರಸ್ತಾನಂತ. ನೀ ಜಲ್ದಿ ಬಾ." ಆಕಿ ಹಾಗೆ ಅಂದದ್ದಕ್ಕೆ ನನಗೆ ಸಮುದ್ರವೇನು, ಏಳು ಸಮುದ್ರ ದಾಟುವ ಹುರುಪು ಬಂತು.

ಅವ್ವ ಒಂದು ಡಬ್ಬಿ ತುಂಬ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದ್ದಳು. ರಂಗೂನಿನ ಬಂದರಿನಲ್ಲಿ ಸುಂಕದ ಆಫೀಸರ ಅದರ ಮುಚ್ಚಳ ತೆಗೆದ. ದುಂಡಗೆ, ಬಿಗಿಯಾಗಿ, ಒಂದರ ಮೇಲೊಂದು! ಬೆತ್ತದಿಂದ ಬಡಿದ. ಟಕ್ ಟಕ್ ಅಂದವು.

"ಏನಿದು?"

"ಬ್ರೆಡ್ಡು, ಸರ್."

"ಬ್ರೆಡ್ಡು ಹೀಗೆ ಸಪ್ಪಳ ಮಾಡ್ತದಾ? ತಿಂದು ತೋರಿಸು."

ನಾನೇನು ಹೆದರಲಿಲ್ಲ. ಅಲ್ಲೇ ಪೆಟ್ಟಿಗೆ ಮೇಲೆ ಕೂತು ರೊಟ್ಟಿ ಮುರಿದು, ಚಟ್ನಿಪುಡಿ ಹಚ್ಚಿ ತಿಂದೆ. ಬೆಳ್ಳುಳ್ಳಿ ವಾಸನೆ ಹರಡಿತು. ಆಫೀಸರ ಒಂದು ಚೂರು ಬಾಯಿಗೆ ಹಾಕಿಕೊಂಡ. ಪಕ್ಕದ ಮೇಜಿನವನು ಬಂದ. ಅವನಿಗೂ ಅನುಮಾನ ಬಂದು ಅವನೂ ಪರೀಕ್ಷೆ ಮಾಡಿದ. ಒಬ್ಬನಿಗಂತೂ ಎಷ್ಟು ತಿಂದರೂ ಅನುಮಾನವೇ ಹೋಗಲಿಲ್ಲ.

ಕಡೆಗೆ, "ಸುಂಕ ಎಷ್ಟು ಕಟ್ಟಬೇಕು ಸರ್?" ಅಂದೆ.

ಆಫೀಸರ ಬಾಯಿ ಒರೆಸಿಕೊಂಡು, "ರೊಟ್ಟಿಗೆ ಸುಂಕ ಇಲ್ಲ, ಹೋಗು. ಆ ಪುಡಿ ಮಾತ್ರ ಇಲ್ಲೇ ಇರಲಿ," ಅಂದ.

ಹುಚ್ಚು, ಮದುವೆ

ರಂಗೂನಿನಲ್ಲಿ ನೌಕರಿ ಇರಲಿಲ್ಲ ಅಂತಲ್ಲ, ಕಾಯಂ ಇರಲಿಲ್ಲ. ಯಾರದೋ ರಜೆಯಲ್ಲಿ ನಾನು, ಯಾರದೋ ಜ್ವರದಲ್ಲಿ ನಾನು. ಜ್ವರ ಇಳಿದ ಕೂಡಲೇ ನನ್ನ ನೌಕರಿಯೂ ಇಳಿಯುತ್ತಿತ್ತು. ಊಟದ ಮೆಸ್ಸಿನ ತೆಲುಗಿನ ಯಜಮಾನ ದಿನಾ ಸಂಜೆ ಅನ್ನ ಬಡಿಸುತ್ತ, "ಏಂ ಬಾಬೂ, ಪರ್ಮನೆಂಟಾ?" ಅಂತ ಕೇಳೋನು. ನಾನು ಅವನ ತೆಲುಗಿನಲ್ಲೇ "ಕಾದು", ಅಲ್ಲ, ಅಂದರೆ ತುಪ್ಪದ ಚಮಚ ಹಿಂದಕ್ಕೆ ಹೋಗುತ್ತಿತ್ತು.

ಒಬ್ಬ ಅಕ್ಕಿ ವ್ಯಾಪಾರಿ ಕಾಯಂ ಗುಮಾಸ್ತ ಬೇಕು ಅಂತ ಕರೆಸಿದ. ನನ್ನ ಓದು ಕೇಳಿ ತಲೆದೂಗಿದ. ನಾನು ಮನಸ್ಸಿನಲ್ಲೇ ಬಾಸಿಂಗ ಕಟ್ಟಿಕೊಂಡೆ. ಆಗ ಕೇಳಿದ, "ಮದುವೆ ಆಗಿದೆಯಾ?"

"ಇಲ್ಲ."

"ಹಾಗಾದರೆ ಆಗೋದಿಲ್ಲ. ಹೆಂಡತಿ ಇಲ್ಲದವನು ಯಾವ ಹಡಗು ಸಿಕ್ಕರೂ ಹತ್ತಿಬಿಡ್ತಾನೆ. ಮದುವೆ ಆದವನಿಗೇ ನಾನು ಕಾಯಂ ಮಾಡೋದು."

"ಸ್ವಾಮಿ, ಕಾಯಂ ಆದವನಿಗೇ ನಮ್ಮ ಮಾವ ಮದುವೆ ಮಾಡೋದು!"

ಹುಚ್ಚು ಬಿಡೋತನಕ ಮದುವೆ ಆಗಂಗಿಲ್ಲ, ಮದುವೆ ಆಗೋತನಕ ಹುಚ್ಚು ಬಿಡಂಗಿಲ್ಲ ಅಂತಾರಲ್ಲ, ಹಾಗಾಯಿತು ನನ್ನ ಬಾಳು. ವ್ಯಾಪಾರಿ ಭಾರಿ ಉಪಕಾರ ಮಾಡುವವನಂತೆ ಹೇಳಿದ: "ಒಂದು ಕೆಲಸ ಮಾಡು. ನಿಮ್ಮ ಮಾವನನ್ನೇ ಕಳಿಸು. ಅವನಿಗೆ ಮದುವೆ ಆಗಿದೆಯಲ್ಲ!"

ಕೈಗೆ ಕೈ

ಉಗಾದಿ ಹತ್ತಿರ ಬಂತು. ರಾಯಚೂರಿನ ನಶ್ಯದ ಡಬ್ಬಿ ಕನಸಿನಲ್ಲಿ ಬರತೊಡಗಿತು. ಅಷ್ಟರಲ್ಲಿ ಹತ್ತಿ ಸಾಗಿಸುವ ಒಂದು ಬಿಳಿಯರ ಕಂಪನಿಯಿಂದ ಕರೆ ಬಂತು. ಇದೇ ಕಡೆಯ ಆಸೆ.

ಕಂಪನಿಯ ಬಿಳಿ ದೊರೆ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟೆ. ಮೇಜಿನ ತುಂಬ ಹತ್ತಿಯ ನಮೂನೆ ಹರಡಿದ್ದವು. ಪಕ್ಕದಲ್ಲಿ ಮುದುಕ ಗುಜರಾತಿ ಹೆಡ್ ಗುಮಾಸ್ತ ಕೂತಿದ್ದ. ದೊರೆ, "ಸಂಬಳ ಎಷ್ಟು ಬೇಕು? ಯೋಚಿಸಿ ಬರೆದು ಕಳಿಸಿ," ಅಂತ ಎದ್ದು ನಿಂತು, ಇನ್ನು ಹೊರಡಿ ಅನ್ನುವ ಹಾಗೆ ಕೈ ಚಾಚಿದ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ರೇಟು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಕೈ ಮೇಲೆ ಟವಲ್ ಹೊದಿಸಿ, ಒಳಗೆ ಬೆರಳು ಹಿಡಿಯೋದು. ಎಷ್ಟು ಬೆರಳು ಹಿಡಿದರೆ ಅಷ್ಟು ರೇಟು. ಅಪ್ಪನ ಜೊತೆ ಹತ್ತಿ ಬಂಡಿಯಲ್ಲಿ ಹೋಗಿ ಅದನ್ನೇ ನೋಡಿ ಬೆಳೆದವನು ನಾನು. ಮುಂದೆ ಹತ್ತಿ, ಕಿವಿಯಲ್ಲಿ "ಎಷ್ಟು", ಎದುರಿಗೆ ಚಾಚಿದ ಕೈ! ಎಂ.ಕಾಂ. ಓದಿದ್ದು ನನ್ನ ತಲೆ, ಕೈ ಓದಿರಲಿಲ್ಲ. ಬೆವರು ಒರೆಸಲಿಕ್ಕೆ ತಂದಿದ್ದ ಟವಲನ್ನು ದೊರೆಯ ಕೈ ಮೇಲೆ ಹೊದಿಸಿ, ಐದೂ ಬೆರಳು ಗಪ್ಪನೆ ಹಿಡಿದುಬಿಟ್ಟೆ.

ದೊರೆ ಬೆಚ್ಚಿಬಿದ್ದ. "ಏನು ಮಾಡ್ತಿದಾನೆ ಈ ಮನುಷ್ಯ?"

ಮುದುಕ ಗುಮಾಸ್ತ ಶಾಂತವಾಗಿ, "ಸಂಬಳ ಕೇಳ್ತಿದಾರೆ ಸಾಹೇಬರೇ. ಐದು ಅಂತಾರೆ, ನೂರರ ಲೆಕ್ಕದಲ್ಲಿ," ಅಂದ.

ದೊರೆ ಕೈ ಜಗ್ಗಿಕೊಂಡ. ನನ್ನ ಹಿಡಿತದಲ್ಲಿ ಮೂರೇ ಬೆರಳು ಉಳಿದವು.

"ಸಾಹೇಬರು ಮೂರು ಅಂತಾರಪ್ಪ," ಅಂದ ಗುಮಾಸ್ತ.

ಮೂರಾ! ನಾನು ಬಿಡುವವನೇ? ಮತ್ತೊಂದು ಬೆರಳು ಹುಡುಕಿ ಹಿಡಿದೆ. ದೊರೆಗೆ ನಗು ಬಂತು. ಕೈ ಸಡಿಲಾಯಿತು.

"ನಾಲ್ಕಕ್ಕೆ ಸೌದಾ ಆಯ್ತು," ಅಂದ ಗುಮಾಸ್ತ.

ಸೌದಾ ಏನೋ ಆಯಿತು. ಆದರೆ 'ಕಾಯಂ' ಅನ್ನೋದಕ್ಕೆ ಹತ್ತಿ ಮಾರ್ಕೆಟ್ಟಿನಲ್ಲಿ ಬೆರಳೇ ಇಲ್ಲ! ಅದಕ್ಕೇ ನಾನು ಕೈ ಬಿಡಲೇ ಇಲ್ಲ. ದೊರೆ ಆ ಕಡೆ ಸರಿದರೆ ನಾನೂ ಸರಿದೆ. ಕಿಟಕಿಗೆ ಹೋದರೆ ನಾನೂ ಹೋದೆ. ಅವನು ಕೆಂಪಗಾಗಿ ಕೂಗಿದ, "ಮತ್ತೇನಯ್ಯ ಬೇಕು ನಿನಗೆ?"

"ಪರ್ಮನೆಂಟ್, ಸರ್."

"ಆಯ್ತು ಮಾರಾಯ, ಪರ್ಮನೆಂಟ್! ಮೊದಲು ಕೈ ಬಿಡು!"

ಉಗಾದಿಗೆ ಮೊದಲೇ ರಜೆ ಹಾಕಿ ಊರಿಗೆ ಬಂದು ಇದನ್ನು ಅವ್ವನಿಗೊಬ್ಬಳಿಗೇ ಹೇಳಿದೆ. ಅವ್ವನಿಗೆ ಹೇಳೋದೂ ಒಂದೇ, ಡಂಗುರ ಸಾರೋದೂ ಒಂದೇ. ಉಗಾದಿ ಕಳೆದು ಲಗ್ನ ಆಯಿತು. ಧಾರೆಯ ಹೊತ್ತಿಗೆ ಹುಡುಗಿಯ ಕೈಯನ್ನು ನನ್ನ ಕೈಯಲ್ಲಿ ಇಟ್ಟರು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣ ಅಂತ ಇನ್ನೊಂದು ಕೈಯನ್ನು ಹೆಗಲ ಮೇಲಿನ ಶಲ್ಯಕ್ಕೆ ಹಾಕಿದೆ, ಅಷ್ಟೇ. ಮಾವ ಒಂದೇ ನೆಗೆತಕ್ಕೆ ಬಂದು ಶಲ್ಯ ಕಿತ್ತುಕೊಂಡ.

"ಇಲ್ಲಿ ಚೌಕಾಸಿ ನಡಿಯಂಗಿಲ್ಲ ಅಳಿಯಾ! ಹುಡುಗಿ ಕಾಯಂ!"