ಒಡೆಯದ ಹಸಿರು

ವಿಜ್ಞಾನದ ಮಾಸ್ತರ ನಗೆಪಾಟಲಾಗಲು ಬೇರೆಲ್ಲೂ ಹೋಗಬೇಕಿಲ್ಲ, ಪಾಠ ಮಾಡಿದರೆ ಸಾಕು. ನನ್ನ ಮನೆ ಶಹಾಬಾದ, ನೌಕರಿ ಚಿಂಚೋಳಿ. ವಾರವಿಡೀ ಬಾಡಿಗೆ ಖೋಲಿ, ಶನಿವಾರ ಬಸ್ಸು. ಸಾಕಾಗಿ ಹೋಗಿತ್ತು. ವರ್ಗಾವಣೆಯೊಂದು ಸಿಕ್ಕರೆ ಸಾಕೆಂದು ಕಾಯುತ್ತಿದ್ದೆ.

ಹೆಸರು

ಶಾಯಿಯ ಚುಕ್ಕೆ ಇಟ್ಟ ಕಾಗದದ ತುದಿಯನ್ನು ನೀರಿಗೆ ತಾಗಿಸಿದರೆ, ನೀರು ಮೇಲೇರುತ್ತ ಶಾಯಿಯೊಳಗಿನ ಬಣ್ಣಗಳನ್ನು ಬೇರೆ ಮಾಡುತ್ತದೆ. ಪುಸ್ತಕದಲ್ಲಿ ಇದು ವರ್ಣರೇಖನ, ಗೈಡಿನಲ್ಲಿ ಕ್ರೊಮ್ಯಾಟೋಗ್ರಫಿ. ಬಣ್ಣವಿಲ್ಲದ ವಸ್ತುಗಳನ್ನು ಬೇರ್ಪಡಿಸಿದರೂ ಹೆಸರು ಅದೇ ಎಂದೆ.

"ಬಣ್ಣನೇ ಇಲ್ಲಂದ್ರ ವರ್ಣ ಯಾಕ್ರಿ ಸರ್?" ಹುಡುಗಿಯೊಬ್ಬಳು ಎದ್ದಳು.

"ಮೊದಲ ಬಣ್ಣನೇ ಬೇರೆ ಮಾಡಿದ್ರವ್ವ. ಹೆಸರು ಹಂಗೇ ಉಳೀತು."

"ಹೌದ್ರಿ ಸರ್. ನಮ್ಮ ಕಾಕಾಗ ಇನ್ನಾ ಸಣ್ಯಾ ಅಂತಾರ. ಈಗ ಬಾಗಲದಾಗ ಹಿಡ್ಯಂಗಿಲ್ಲ, ಅಡ್ಡ ತಿರುಗಿ ಒಳಗ ಬರ್ತಾನ."

ಅಲ್ಲಿಗೆ ಪಾಠ ಮುಗಿಯಿತು.

ಶಾಯಿ

ಪ್ರಯೋಗಕ್ಕೆ ಹಸಿರು ಶಾಯಿ ಬೇಕಾಗಿತ್ತು. ಹಸಿರಿನಲ್ಲಿ ಸಹಿ ಮಾಡುವುದು ಗೆಜೆಟೆಡ್ ಅಧಿಕಾರಿಗಳು ಮಾತ್ರ. ನಮ್ಮ ಹೆಡ್ ಮಾಸ್ತರು ಆಗಷ್ಟೇ ಬಡ್ತಿ ಪಡೆದು ಆ ಪೆನ್ನನ್ನು ಕಿಸೆಗೆ ಏರಿಸಿದ್ದರು. ಒಂದು ಹನಿ ಕೇಳಿದೆ.

"ಏನ್ ಮಾಡ್ತೀರಿ?"

"ಒಡೆದು ನೀಲಿ, ಹಳದಿ ತೋರಿಸ್ತೀನ್ರಿ ಸರ್."

ಅವರು ಕಿಸೆಯ ಮೇಲೆ ಕೈ ಇಟ್ಟುಕೊಂಡರು. "ಹುಡುಗರ ಸ್ಕೆಚ್ ಪೆನ್ ಒಡೀರಿ. ಇದು ಸರ್ಕಾರದ ಹಸಿರು. ಒಡೆಯಲ್ಲ."

ನಾನು ಸ್ಕೆಚ್ ಪೆನ್ನಿನಲ್ಲೇ ಮುಗಿಸಿದೆ. ವಾದಿಸುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಬಿಡುಗಡೆ

ಕಡೆಗೂ ಶಹಾಬಾದಿಗೆ ವರ್ಗವಾಯಿತು. ಹೆಡ್ ಮಾಸ್ತರು ಬಿಡುಗಡೆ ಆದೇಶದ ಮೇಲೆ ದೊಡ್ಡದಾಗಿ ಹಸಿರು ಸಹಿ ಎಳೆದರು. ಖುಷಿಗೆ ಕಣ್ಣು ತುಂಬಿತು. ಆದೇಶವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಸೇಡಂ ದಾಟುವ ಹೊತ್ತಿಗೆ ಚೀಲದೊಳಗಿನ ನೀರಿನ ಬಾಟಲಿ ಸೋರಿತ್ತು.

ಹೊಸ ಶಾಲೆಯ ಹೆಡ್ ಮಾಸ್ತರು ಕಾಗದವನ್ನು ಬೆಳಕಿಗೆ ಹಿಡಿದರು. ಕಾಗದದ ಅಂಚು ತೊಯ್ದು, ನೀರು ಸಹಿಯವರೆಗೂ ಏರಿತ್ತು. ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ.

"ಹಸಿರು ಸಹಿ ಎಲ್ಲದ್ರಿ?"

ನಾನು ವರ್ಣರೇಖನವನ್ನು ಮೊದಲಿನಿಂದ ವಿವರಿಸಿದೆ. ಅಷ್ಟು ಚಂದ ನಾನು ಯಾವ ತರಗತಿಯಲ್ಲೂ ಪಾಠ ಮಾಡಿರಲಿಲ್ಲ.

"ಭಾಳ ಛಲೋ ತಿಳಿಸಿದ್ರಿ ಸರ್," ಅಂದರು. "ಈಗ ಚಿಂಚೋಳಿಗೆ ಹೋಗಿ ಇನ್ನೊಂದು ಸಹಿ ಮಾಡಿಸ್ಕೊಂಡು ಬರ್ರಿ."

ಮತ್ತೆ ಬಸ್ಸು. ಹಳೆಯ ಹೆಡ್ ಮಾಸ್ತರ ಮೇಜಿನ ಮೇಲೆ ಕಾಗದ ಬಿಡಿಸಿಟ್ಟು, ಸಹಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕಾಗದವನ್ನು ನನ್ನತ್ತ ತಳ್ಳಿದರು.

"ಇದು ನನ್ನ ಸಹಿ ಅಲ್ರಿ. ನಂದು ಒಡೆಯಲ್ಲ. ಗಂಟೆ ಹೊಡೀತು, ಕ್ಲಾಸಿಗಿ ಹೋಗ್ರಿ."