ಸಣ್ಣಮ್ಮನ ಹೋಲ್ಡಾನ್

ಇಂಗ್ಲಿಷ್ ಮೇಷ್ಟ್ರುಗಳಿಗೆ ಒಂದು ರೋಗವಿದೆ. ಎದುರಿನವರು ಇಂಗ್ಲಿಷಿನಲ್ಲಿ ಬಾಯಿ ತೆರೆದರೆ ವಿಷಯಕ್ಕಿಂತ ಮೊದಲು ತಪ್ಪು ಕಿವಿಗೆ ಬೀಳುತ್ತದೆ. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವ ನನಗೆ ಈ ರೋಗ ಬಲವಾಗಿಯೇ ಅಂಟಿದೆ. ಒಮ್ಮೆ ಕಣಕಟ್ಟೆ ಬಸ್ಸಿನ ಕಂಡಕ್ಟರು ಬಸ್ಸು ನಿಲ್ಲಿಸಲು ‘ಹೋಲ್ಡಾನ್!’ ಎಂದು ಕೂಗಿದಾಗ ತಡೆಯಲಾಗಲಿಲ್ಲ. ‘ನೋಡಿ, ಹೋಲ್ಡ್ ಅಂದ್ರೆ ಹಿಡಿ. ಪಕ್ಕದಲ್ಲಿ ಆನ್ ಬಂದ್ರೆ ಬಿಗಿಯಾಗಿ ಹಿಡ್ಕೊಂಡಿರು, ಇಲ್ಲಾ ಸ್ವಲ್ಪ ತಾಳು. ನಿಲ್ಸು ಅಂತಲ್ಲ’ ಎಂದೆ. ಆತ ಬಾಗಿಲು ತೋರಿಸಿ, ‘ಬಸ್ಸು ನಿಂತೈತಲ್ಲ ಸಾ, ಇಳೀರಿ’ ಎಂದ. ಇಳಿದೆ. ನಾನು ಇಳಿಯಬೇಕಾದದ್ದು ಇನ್ನೂ ಎರಡು ಸ್ಟಾಪಿನಾಚೆ ಎಂಬುದು ಬಸ್ಸು ಹೊರಟ ಮೇಲೆ ನೆನಪಾಯಿತು.

ಕಳೆದ ತಿಂಗಳು ಹೆಂಡತಿ ಗಿರಿಜೆಯೊಂದಿಗೆ ಹಳೇಬೀಡಿಗೆ ಹೋದವನು ಹಾಗೆಯೇ ಹುಲಿಕೆರೆಯ ಕಲ್ಯಾಣಿಗೂ ಹೋದೆ. ಕೆಳಗಿನ ಮೆಟ್ಟಿಲಲ್ಲಿ ವಿದೇಶಿ ಮುದುಕಿಯೊಬ್ಬರು ಫೋಟೋ ತೆಗೆಯುತ್ತಿದ್ದರು. ಪಾಚಿಯ ಮೇಲೆ ಕಾಲಿಟ್ಟವರೇ ಜಾರಿ, ಸೊಂಟದವರೆಗೆ ನೀರಿಗೆ ಬಿದ್ದರು. ಒಂದು ಕೈಗೆ ಮಾತ್ರ ಮೆಟ್ಟಿಲಂಚು ಸಿಕ್ಕಿತ್ತು. ಗಾಬರಿಯಲ್ಲಿ ಕೈಕಾಲು ಬಡಿಯುತ್ತಿದ್ದರು. ಏನಾದರೂ ಕೂಗಬೇಕು. ಹೋಲ್ಡ್ ಆನ್ ಅನ್ನಲೇ, ಹ್ಯಾಂಗ್ ಆನ್ ಅನ್ನಲೇ, ಹೋಲ್ಡ್ ಔಟ್ ಅನ್ನಲೇ? ಮೂರೂ ಒಟ್ಟಿಗೆ ಬಂದು ಗಂಟಲಲ್ಲಿ ಸಿಕ್ಕಿಕೊಂಡವು.

ಅಷ್ಟರಲ್ಲಿ ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ಕುಡುಗೋಲು ಬಿಸುಟು, ಹೊರೆ ಕಟ್ಟುವ ಹಗ್ಗ ಹಿಡಿದು ದಡದಡ ಇಳಿದರು. ಹೆಸರು ಸಣ್ಣಮ್ಮ ಎಂದು ಆಮೇಲೆ ತಿಳಿಯಿತು. ‘ಹೋಲ್ಡಾನ್ ಕಣಮ್ಮೋ! ಹೋಲ್ಡಾನ್! ಬಂದೆ!’ ಕೂಗು ಕೇಳಿದ್ದೇ ಮುದುಕಿ ಒದ್ದಾಟ ಬಿಟ್ಟು, ಎರಡೂ ಕೈಯಿಂದ ಕಲ್ಲನ್ನು ತಬ್ಬಿದರು. ಸಣ್ಣಮ್ಮ ಹೇಳಿದ್ದು ನಿಲ್ಲು ಅಂತ. ಮುದುಕಿಗೆ ಕೇಳಿಸಿದ್ದು ಹಿಡಿದುಕೋ ಅಂತ. ಆ ಗಳಿಗೆಗೆ ಎರಡೂ ಬೇಕಾಗಿತ್ತು. ಸಣ್ಣಮ್ಮ ಮುದುಕಿಯ ಕಂಕುಳಡಿ ಹಗ್ಗ ಸುತ್ತಿದರು, ಗಿರಿಜೆ ಮೇಲಿಂದ ಎಳೆದಳು, ನಾನು ಗಿರಿಜೆಯ ಕೈಚೀಲ ಹಿಡಿದುಕೊಂಡೆ.

ದಡ ಸೇರಿದ ಮುದುಕಿ ಸಣ್ಣಮ್ಮನನ್ನು ಅಪ್ಪಿಕೊಂಡು ಅತ್ತರು. ಸಣ್ಣಮ್ಮ ಸೆರಗಿನಿಂದ ಅವರ ತಲೆ ಒರೆಸಿ, ‘ಏನೂ ಆಗಿಲ್ಲ ಬುಡವ್ವ’ ಎಂದು ಸಮಾಧಾನ ಮಾಡಿದರು. ಆ ಕೈಯನ್ನೇ ನೋಡುತ್ತ ನಿಂತಿದ್ದ ನನಗೂ ಕಣ್ಣು ತುಂಬಿತು. ನಾನು ಇಂಗ್ಲಿಷ್ ಮೇಷ್ಟ್ರು ಎಂದು ಗಿರಿಜೆಯಿಂದ ತಿಳಿದ ಮುದುಕಿ, ಈಕೆಗೆ ಇಂಗ್ಲಿಷ್ ಕಲಿಸಿದವರು ನೀವೇ ಏನು ಎಂದು ಅಭಿಮಾನದಿಂದ ಕೇಳಿದರು. ಪ್ರಶ್ನೆಯನ್ನು ಸಣ್ಣಮ್ಮನಿಗೆ ಕನ್ನಡದಲ್ಲಿ ಹೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಇವ್ರಾ? ಇವ್ರು ಮೂಗ್ರು ಅಂತ ಅನ್ಕಂಡಿದ್ನಲ್ಲವ್ವ!’

ಅದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ಹೇಳುವ ಹೊಣೆಯೂ ನನ್ನ ಮೇಲೇ ಬಿತ್ತು. ಒಂದೇ ಒಂದು ವ್ಯಾಕರಣದೋಷವಿಲ್ಲದೆ ಹೇಳಿದೆ.