ಪಕ್ಷವಿಲ್ಲದ ಸರ್ಕಾರ, ಪಕ್ಷದ ಎಡೆ

ಪಾಠವನ್ನು ನಾನು ಎಷ್ಟೇ ಗಂಭೀರವಾಗಿ ಶುರುಮಾಡಲಿ, ಅದು ತನ್ನ ದಾರಿ ತಾನೇ ಹಿಡಿದು ಎಲ್ಲೋ ಒಂದು ಕಡೆ ನಗೆಪಾಟಲಾಗಿ ನಿಲ್ಲುತ್ತದೆ. ಪರದೇಶದ ಶಾಲೆಯಲ್ಲಿ ಮಾಡಿದ ಇಪ್ಪತ್ತು ವರ್ಷದ ಮೇಷ್ಟರಿಕೆಯಲ್ಲಿ ಇದೊಂದು ಮಾತ್ರ ತಪ್ಪಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಏಳನೇ ತರಗತಿಗೆ ಕೆನಡಾದ ಉತ್ತರ ತುದಿಯ ನುನಾವುತ್ ಪ್ರದೇಶದ ಸರ್ಕಾರದ ಪಾಠವಿತ್ತು. ಅಲ್ಲಿ ರಾಜಕೀಯ ಪಕ್ಷಗಳಿಲ್ಲ. ಒಬ್ಬೊಬ್ಬರೂ ಸ್ವಂತ ಹೆಸರಿನಲ್ಲೇ ಚುನಾವಣೆಗೆ ನಿಲ್ಲುತ್ತಾರೆ. ಗೆದ್ದವರು ಒಟ್ಟಿಗೆ ಕೂತು, ಗುಪ್ತಮತದಿಂದ ತಮ್ಮಲ್ಲೊಬ್ಬರನ್ನು ಮುಖ್ಯಸ್ಥರನ್ನಾಗಿ ಆರಿಸುತ್ತಾರೆ. ಆಮೇಲಿನದೆಲ್ಲ ಆದಷ್ಟೂ ಒಮ್ಮತದಿಂದ.

ಅದೇ ತಿಂಗಳು ಮನೆಯಲ್ಲೂ ಒಂದು ಕೆಲಸವಿತ್ತು. ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬಿತ್ತು. ಮೊದಲ ಸಲ ಅವಳಿಗೆ ಪಕ್ಷದ ಎಡೆ ಇಡಬೇಕು. ಹೋದವರಿಗೆ ಇಷ್ಟವಾದ ಅಡುಗೆಯನ್ನೇ ಇಡುವುದು ಅವಳ ತವರಿನ ಪದ್ಧತಿ. ಅವಳಿಗೆ ಇಷ್ಟವಾದದ್ದು ಯಾವುದು ಎಂಬುದರಲ್ಲೇ ತಕರಾರು.

ಗೈರುಹಾಜರಿ

ಮಾಡಿ ನೋಡಿದರೆ ತಿಳಿಯುತ್ತದೆಂದು ಮಕ್ಕಳಿಂದಲೇ ಮತ ಹಾಕಿಸಿದೆ. ಹಾಜರಿದ್ದ ಇಪ್ಪತ್ತೊಂದು ಮಕ್ಕಳು, ಇಪ್ಪತ್ತೊಂದು ಅಭ್ಯರ್ಥಿಗಳು, ಒಬ್ಬೊಬ್ಬರಿಗೂ ಒಂದೊಂದು ಮತ. "ತಮಗೆ ತಾವೇ ಹಾಕಿಕೊಳ್ಳುವಂತಿಲ್ಲ" ಎಂದು ಎರಡನೇ ಸುತ್ತು ನಡೆಸಿದೆ. ಅಂದು ಜ್ವರ ಬಂದು ಶಾಲೆಗೇ ಬಾರದ ಹುಡುಗಿ ಭಾರಿ ಬಹುಮತದಿಂದ ಗೆದ್ದಳು. ಇದ್ದವರ ಮೇಲೆಲ್ಲ ಯಾರಿಗಾದರೂ ಸಿಟ್ಟಿತ್ತು. ಇಲ್ಲದವಳ ಮೇಲೆ ಯಾರಿಗೂ ಇರಲಿಲ್ಲ.

ಮರುದಿನ ಅವಳಿಗೆ ಅಭಿನಂದನೆ ಹೇಳಿದೆ. ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು: "ಒಂದೇ ದಿನ ಆಬ್ಸೆಂಟ್ ಆಗಿದ್ದಕ್ಕೆ ಇಷ್ಟು ದೊಡ್ಡ ಪನಿಶ್‌ಮೆಂಟಾ, ಸರ್?"

ಅತ್ತೆಯ ಸಂಶಯ

ಈ ಕಥೆಯನ್ನು ಮನೆಯಲ್ಲಿ ಹೇಳಿದೆ. ಅತ್ತೆ ಗದಗಿನವರು. ಮಗಳ ಕಾಯಿಲೆಯಲ್ಲಿ ನೋಡಿಕೊಳ್ಳಲು ಬಂದವರು, ಆಮೇಲೆ ನನ್ನನ್ನೂ ಮೊಮ್ಮಗಳನ್ನೂ ನೋಡಿಕೊಳ್ಳುತ್ತ ಉಳಿದರು. ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದರು:

"ಅಲ್ಲೆ ಪಕ್ಷನ ಇಲ್ಲೇನ್ರಿ?"

"ಒಂದೂ ಇಲ್ಲ, ಅತ್ತೆ."

"ಅಯ್ಯ ಶಿವನ! ಮತ್ತ ಸತ್ತೋರಿಗೆ ಎಡಿ ಯಾವಾಗ ಇಡ್ತಾರ?"

ಅದು ಆ ಪಕ್ಷವಲ್ಲ, ಮತ ಕೇಳುವ ಪಕ್ಷ ಎಂದು ಬಿಡಿಸಿ ಹೇಳಿದೆ. ಅತ್ತೆ ನಿರಾಳವಾದರು. "ಹಂಗನ್ರಿ ಮತ್ತ. ಆ ಪಕ್ಷ ಇಲ್ಲದಿದ್ರ ಏನೂ ಲುಕ್ಸಾನಿಲ್ಲ ಬಿಡ್ರಿ."

ಯಾವ ಪಾರ್ಟಿ?

ನವೆಂಬರಿನ ಚುನಾವಣೆಗೆ ಮನೆಮನೆ ತಿರುಗುತ್ತಿದ್ದ ಒಬ್ಬ ಹೆಂಗಸು ಬಾಗಿಲು ತಟ್ಟಿದಳು. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅತ್ತೆ ತೆರೆದಿದ್ದರು. ನಿಮ್ಮದು ಯಾವ ಪಾರ್ಟಿ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಅತ್ತೆಗೆ ತಿಳಿದದ್ದು ಪಾರ್ಟಿ ಎಂಬ ಒಂದೇ ಶಬ್ದ. ಸಾವಿನ ಮನೆಗೆ ಬಂದು ಪಾರ್ಟಿ ಕೇಳುತ್ತಾಳಲ್ಲ ಎಂದು ಬೇಜಾರಾದರೂ, ಬಂದವರನ್ನು ಕರೆಯದೆ ಕಳಿಸಬಾರದು.

"ನೋ ಪಾರ್ಟಿ," ಎಂದರು ಗಂಭೀರವಾಗಿ. "ಸಾಟರ್ಡೇ. ಊಟ. ಕಮ್."

ಅವಳು ತಲೆಯಾಡಿಸಿ ಹಾಳೆಯಲ್ಲಿ ಬರೆದುಕೊಂಡಳು. ಬಗ್ಗಿ ನೋಡಿದೆ. ನಮ್ಮ ಮನೆಯ ಮುಂದೆ "ಇನ್ನೂ ನಿರ್ಧರಿಸಿಲ್ಲ, ಆದರೆ ತುಂಬಾ ಒಳ್ಳೆಯವರು" ಎಂದಿತ್ತು.

ಗುಪ್ತಮತ

ಶುಕ್ರವಾರ ಬಂದರೂ ಎಡೆಗೆ ಏನೆಂದು ತೀರ್ಮಾನವಾಗಲಿಲ್ಲ. ಹೈಸ್ಕೂಲಿನಲ್ಲಿರುವ ಮಗಳೇ ಕೊನೆಗೆ, "ಡ್ಯಾಡ್, ಲೆಟ್ಸ್ ಡೂ ಇಟ್ ಯುವರ್ ನುನಾವುತ್ ವೇ" ಎಂದು ಮೂರು ಚೀಟಿ ಹರಿದಳು.

ತೆರೆದು ಓದಿದೆ. ಅತ್ತೆಯದು ಹೂರಣದ ಕಡುಬು. ಮಗಳದು ಮ್ಯಾಕ್ ಅಂಡ್ ಚೀಸ್, ಅಂದರೆ ಚೀಸಿನಲ್ಲಿ ಕಲಸಿದ ಮ್ಯಾಕರೋನಿ. ನನ್ನದು ಬಿಸಿಬೇಳೆ ಬಾತ್.

"ನನ್ನ ಜೋಡಿ ಕೂತು ಮೂರು ಕಡಬು ತಿಂತಿದ್ಲು," ಎಂದರು ಅತ್ತೆ.

"ನೋ, ಅಜ್ಜಿ. ಮ್ಯಾಕ್ ಅಂಡ್ ಚೀಸೇ ಫೇವರಿಟ್ ಅಂತ ನಂಗೇ ಹೇಳಿದ್ಲು."

ಬಿಸಿಬೇಳೆ ಬಾತಿನ ಬಗ್ಗೆ ನನಗೂ ಹಾಗೇ ಹೇಳಿದ್ದಳು. ಬರೆದದ್ದು ನಮ್ಮ ನಮ್ಮ ಇಷ್ಟವನ್ನೇ ಎಂದು ಮೂವರಿಗೂ ಒಟ್ಟಿಗೇ ಹೊಳೆದಿತ್ತು. ಅವಳ ಇಷ್ಟ ಯಾವುದೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದೆ.

ಬೇರೆ ದಾರಿಯಿಲ್ಲದೆ ಮೂರನ್ನೂ ಮಾಡಿದೆವು. ಶನಿವಾರ ಮಧ್ಯಾಹ್ನ ಇಂಡಿಯನ್ ಅಂಗಡಿಯಿಂದ ತಂದ ಬಾಳೆಲೆಯ ಮೇಲೆ ಬಡಿಸಿ, ಹಿತ್ತಲ ಹುಲ್ಲಿನ ಮೇಲಿಟ್ಟು, ಗಾಜಿನ ಬಾಗಿಲ ಹಿಂದೆ ನಿಂತೆವು. ಕಾಗೆ ಮುಟ್ಟಬೇಕು. ಕಾಗೆ ಬರಲಿಲ್ಲ. ಬಂದದ್ದು ದಪ್ಪನೆಯ ಒಂದು ಕೆನಡಾ ಹೆಬ್ಬಾತು.

ಅದು ಕಡುಬನ್ನು ನೋಡಿತು. ಮ್ಯಾಕ್ ಅಂಡ್ ಚೀಸ್ ನೋಡಿತು. ಬಿಸಿಬೇಳೆ ಬಾತಿನ ಮುಂದೆ ಸ್ವಲ್ಪ ಹೊತ್ತು ನಿಂತಿತು. ನಾನು ಗಾಜಿಗೆ ಮೂಗು ಒತ್ತಿದೆ. ಆಮೇಲೆ ಕತ್ತು ಬಗ್ಗಿಸಿ, ಮೂರನ್ನೂ ಪಕ್ಕಕ್ಕೆ ಸರಿಸಿ, ಬಾಳೆಲೆಯ ಅಂಚನ್ನು ಹರಿದು ಹರಿದು ತಿಂದು ಹೋಯಿತು.

ಮಗಳು ನನ್ನ ಕೈ ಹಿಡಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದರು:

"ಕಳ್ಳಿ. ಮೂವರಿಗೂ ಸುಳ್ಳ ಹೇಳಿದ್ಲು ನೋಡ್ರಿ."